ಶ್ರೀಯಾ ಮಾತು ಬಿಟ್ಟ ಮೇಲೆ

೧೧ ಜನವರಿ, ಶನಿವಾರ

ಇವತ್ತು ಮೊಮ್ಮಗಳು ಶ್ರೀಯಾಳನ್ನು ಮೊದಲ ಸಲ ರಾಯಪುರಂಗೆ ಕರೆದುಕೊಂಡು ಹೋದೆ. ಪೆರಂಬೂರಿನಲ್ಲಿ ಲೋಕಲ್ ರೈಲು ಹತ್ತಿ ಇಳಿದ ಮೇಲೆ ಹತ್ತು ನಿಮಿಷದ ನಡಿಗೆ. ಹಳೆಯ ಮನೆ, ಕೆಳಗೆ ಬಲೆ ಮತ್ತು ಹಗ್ಗ ಮಾರುವ ಅಂಗಡಿ, ಮಹಡಿಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಮಕ್ಕಳ ಕೇಂದ್ರ. ಚಿತ್ರ ಬರೆಸಿ, ಜೇಡಿಮಣ್ಣು ಕೊಟ್ಟು, ಬೊಂಬೆ ಆಡಿಸಿ ಮಕ್ಕಳ ಮನಸ್ಸಿಗೆ ಬಿದ್ದ ಪೆಟ್ಟನ್ನು ವಾಸಿ ಮಾಡುತ್ತಾರಂತೆ. ಮಗುವಿನ ಗಂಟಲಿಗೆ ಏನೂ ಆಗಿಲ್ಲ ಎಂದ ಡಾಕ್ಟರೇ ಇಲ್ಲಿಗೆ ಚೀಟಿ ಬರೆದುಕೊಟ್ಟರು.

ನಡೆಸುವವರು ಐವತ್ತು ದಾಟಿದ ಮಲಯಾಳಿ ಹೆಂಗಸು. ಹೆಸರು ಬೇಬಿ. ಎಲ್ಲರೂ ಬೇಬಿ ಟೀಚರ್ ಎನ್ನುತ್ತಾರೆ. ಶ್ರೀಯಾಳ ಮುಂದೆ ಬಣ್ಣ, ಕಾಗದ, ಮಣ್ಣು ಎಲ್ಲ ಇಟ್ಟರು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಟೀಚರ್ ಏನೂ ಕೇಳಲಿಲ್ಲ. ತಾವೇ ಒಂದು ಕಾಗದದ ಮೇಲೆ ಮೀನು ಬರೆಯುತ್ತ ಕೂತರು. ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದೆ.

ರೈಲ್ವೆ ವರ್ಕ್‌ಶಾಪಿನ ವಿದ್ಯುತ್ ವಿಭಾಗದಲ್ಲಿ ಮೂವತ್ತೆಂಟು ವರ್ಷ ಲಾಗ್ ಬುಕ್ ಬರೆದ ಕೈ ನನ್ನದು. ಇದನ್ನೂ ಹಾಗೆಯೇ ಬರೆದಿಡುತ್ತೇನೆ. ಮಾತು ನಿಂತು ಇವತ್ತಿಗೆ ನಲವತ್ತೆರಡು ದಿನ. ಕೋಣೆಯಲ್ಲಿ ಕಳೆದದ್ದು ನಲವತ್ತು ನಿಮಿಷ. ಫಲ ಏನೂ ಇಲ್ಲ.

೧೪ ಜನವರಿ, ಮಂಗಳವಾರ

ಹೊರಗೆಲ್ಲ ಪೊಂಗಲ್. ನಮ್ಮ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ. ಪಕ್ಕದ ಮನೆಯವರು ಕೊಟ್ಟ ಸಿಹಿ ಪೊಂಗಲನ್ನು ಹೆಂಡತಿ ಜಾನಕಿ ಮುಚ್ಚಿಟ್ಟಳು, ಯಾರೂ ತಿನ್ನಲಿಲ್ಲ.

ರಜೆಯೆಂದರೆ ಅಳಿಯ ಅರವಿಂದ ಮನೆಯಲ್ಲಿರುತ್ತಾನೆ. ಅವನು ಮನೆಯಲ್ಲಿದ್ದರೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಅದೇ ಪ್ರಶ್ನೆ ಕೇಳುತ್ತಾನೆ. ಅಮ್ಮ ಯಾಕೆ ಕೆಳಗೆ ಹೋದಳು? ಯಾರು ಕರೆದರು? ಇವತ್ತೂ ಕೇಳಿದ. ಶ್ರೀಯಾ ನೆಲ ನೋಡುತ್ತಿದ್ದಳು. ಅವನು ಅವಳ ಗಲ್ಲ ಹಿಡಿದು ಮುಖ ಎತ್ತಿದ. ಜಾನಕಿ ಬಂದು ಬಿಡಿಸಿದಳು.

ನವೆಂಬರ್ ಕೊನೆಯ ಆ ಶನಿವಾರ ವೇಲಚೇರಿಯ ಅವರ ಬೀದಿಗೆ ನೀರು ನುಗ್ಗಿತ್ತು. ಅರವಿಂದ ಬ್ಯಾಂಕಿನ ಕೆಲಸದ ಮೇಲೆ ತಿರುಚ್ಚಿಗೆ ಹೋಗಿದ್ದ. ನಮ್ಮ ಮಗಳು ನಿಖಿತಾ ಶ್ರೀಯಾಳ ಜೊತೆ ಮೊದಲ ಮಹಡಿಯಲ್ಲಿ ಕ್ಷೇಮವಾಗಿಯೇ ಇದ್ದಳು. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಕೆಳಗಿಳಿದು ಬಂದು, ಮೆಟ್ಟಿಲ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಮೋಟರ್ ಸ್ವಿಚ್ಚಿಗೆ ಕೈ ಹಾಕಿದಳು. ನೀರಿನಲ್ಲಿ ನಿಂತಿದ್ದಳು. ಶ್ರೀಯಾ ಮೆಟ್ಟಿಲ ಮೇಲಿನಿಂದ ನೋಡಿದಳು. ಆಮೇಲೆ ಅವಳು ಮಾತಾಡಿಲ್ಲ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಪಟಪಟ ಉತ್ತರ ಕೊಡುತ್ತಿದ್ದ ಹುಡುಗಿ. ಎಂಟು ವರ್ಷ.

ಅರವಿಂದ ಮನೆ ಖಾಲಿ ಮಾಡಿ ಮಗಳ ಜೊತೆ ನಮ್ಮಲ್ಲಿಗೇ ಬಂದುಬಿಟ್ಟ. ಸ್ಮಶಾನದಲ್ಲಿ ಎಲ್ಲರ ಎದುರಿಗೆ ಅವನು ಹೇಳಿದ್ದು, "ಅವಳನ್ನ ಕೆಳಗೆ ಕಳಿಸಿದೋರು ಯಾರೇ ಆಗ್ಲಿ, ಜೈಲಿಗೆ ಹಾಕಿಸ್ದೆ ಬಿಡಲ್ಲ ನಾನು." ಆಗ ಶ್ರೀಯಾ ಅವನ ಹೆಗಲ ಮೇಲಿದ್ದಳು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಸದಾನಂದನೇ ಮೋಟರ್ ನಿಲ್ಲಿಸಲು ಕೂಗಿರಬೇಕೆಂದು ಪೊಲೀಸರಿಗೆ ದೂರು ಕೊಟ್ಟಿದ್ದಾನೆ. ಸದಾನಂದ ತಾನು ಕೂಗಲಿಲ್ಲ ಎಂದು ಆಣೆ ಹಾಕುತ್ತಿದ್ದಾನೆ.

೧ ಫೆಬ್ರವರಿ, ಶನಿವಾರ

ನಾಲ್ಕನೆಯ ಸಲ. ಮಣ್ಣಿನಿಂದ ಗೋಲಿಯಷ್ಟು ಗಾತ್ರದ ಉಂಡೆಗಳನ್ನು ಮಾಡಿ ಸಾಲಾಗಿ ಇಟ್ಟಳು. ಟೀಚರಿಗೆ ಬಹಳ ಸಂತೋಷ. ಕೈ ಹೊರಗೆ ಬಂತಲ್ಲ ಎಂದರು. ಇದೇನಮ್ಮ, ಗೋಲಿಯಾ ಎಂದು ನಾನು ಕೇಳಿದ್ದಕ್ಕೆ ಅವಳು ಎಲ್ಲವನ್ನೂ ಒಟ್ಟಿಗೆ ಹಿಸುಕಿಬಿಟ್ಟಳು. ಆಮೇಲೆ ಟೀಚರ್ ನನ್ನನ್ನು ಹೊರಗೆ ಕರೆದು, ಇಲ್ಲಿ ಮಗು ಮಾಡಿದ್ದಕ್ಕೆ ಹೆಸರು ಕೇಳಬಾರದು, ಅದು ತಾನಾಗಿ ಹೇಳುವವರೆಗೆ ಕಾಯಬೇಕು ಎಂದು ಮೆತ್ತಗೆ ಹೇಳಿದರು.

ಹೇಳದೇ ಇದ್ದರೆ? ಎಂದೆ.

ಹೇಳದೆಯೇ ಇರಬಹುದು ಎಂದರು.

ಇಂಥ ಉತ್ತರ ಕೊಡುವುದಕ್ಕೆ ಒಂದು ಕೇಂದ್ರ, ಒಂದು ಬೋರ್ಡು.

೧೫ ಫೆಬ್ರವರಿ, ಶನಿವಾರ

ಬಣ್ಣ. ಎಲ್ಲ ಬಣ್ಣಗಳಿದ್ದರೂ ಕಪ್ಪೇ ಬೇಕು ಅವಳಿಗೆ. ಕಾಗದವನ್ನು ಪೂರ್ತಿ ಕಪ್ಪು ಮಾಡಿ, ಅದರ ಮೇಲೆ ಮತ್ತೆ ಕಪ್ಪು ಬಳಿದಳು. ಕಾಗದ ನೆನೆದು ಹರಿಯಿತು. ಟೀಚರ್ ಇನ್ನೊಂದು ಕೊಟ್ಟರು. ಅದನ್ನೂ ಹರಿಯುವವರೆಗೆ ಬಳಿದಳು. ಏಳು ಕಾಗದ. ಫ್ರಾಕಿನ ತುಂಬ ಕಪ್ಪು. ಮನೆಯಲ್ಲಿ ಜಾನಕಿ ಅದನ್ನು ಉಜ್ಜುತ್ತ ಉಜ್ಜುತ್ತ ಬಚ್ಚಲಲ್ಲೇ ಕೂತು ಅತ್ತಳು. ನಿಖಿತಾ ಹೊಲಿದ ಫ್ರಾಕಂತೆ. ನನಗೆ ಗೊತ್ತಿರಲಿಲ್ಲ.

೧ ಮಾರ್ಚ್, ಶನಿವಾರ

ಇವತ್ತು ಬಟ್ಟೆಯ ಬೊಂಬೆಗಳು. ಶ್ರೀಯಾ ಒಂದು ಚಿಕ್ಕ ಹುಡುಗಿಯ ಬೊಂಬೆ ಆರಿಸಿಕೊಂಡು ಅದರ ಬಾಯಿಗೆ ದಾರ ಸುತ್ತಲು ಶುರು ಮಾಡಿದಳು. ದಾರದ ಉಂಡೆ ಮುಗಿಯುವವರೆಗೂ ಸುತ್ತಿದಳು. ಟೀಚರ್, ಪಾಪ, ಯಾರು ಇವಳ ಬಾಯಿ ಕಟ್ಟಿದ್ದು ಎಂದು ಬೊಂಬೆಯನ್ನೇ ಕೇಳಿದರು. ಶ್ರೀಯಾ ಬೆರಳಿನಿಂದ ಬೊಂಬೆಯನ್ನೇ ತೋರಿಸಿದಳು. ತಾನೇ ಕಟ್ಟಿಕೊಂಡದ್ದು ಅಂತ.

ಹೊರಡುವಾಗ ಟೀಚರ್ ನನಗೆ ಹೇಳಿದರು. ಈ ಮಗುವಿಗೆ ಮಾತು ಬಾರದೆ ಹೋಗಿಲ್ಲ ಸಾರ್. ಏನನ್ನೋ ಹಿಡಿದಿಟ್ಟುಕೊಂಡಿದೆ. ಬಾಯಿ ತೆರೆದರೆ ಅದು ಜಾರಿ ಹೊರಗೆ ಬರುತ್ತದೆ ಎಂದು ಹೆದರಿದೆ. ಇನ್ನು ಸ್ವಲ್ಪ ದಿನ, ಬರುತ್ತದೆ.

ನಾವು ತಪ್ಪು ರೈಲು ಹತ್ತಿ ಬೀಚ್ ಸ್ಟೇಷನ್ನಿಗೆ ಹೋಗಿಬಿಟ್ಟೆವು. ನಲವತ್ತು ವರ್ಷ ಈ ಲೈನಿನಲ್ಲಿ ಓಡಾಡಿದವನು ನಾನು.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಬರೆಯುತ್ತೇನೆ.

ಆ ದಿನ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಿಖಿತಾಗೆ ಫೋನ್ ಮಾಡಿದವನು ನಾನು. ಕೆಳಗೆ ನೀರು ಬಂದಿದೆ ಎಂದಳು. ಎಷ್ಟು ಎಂದೆ. ಪಾದ ಮುಳುಗುವಷ್ಟಪ್ಪ ಎಂದಳು. ಕಿಟಕಿಯಿಂದ ನೋಡಿ ಹೇಳಿದ್ದಿರಬೇಕು. ಆ ಮೋಟರನ್ನು ಆಗಸ್ಟಿನಲ್ಲಿ ನಾನೇ ಆರಿಸಿ ಕೊಡಿಸಿ, ನಿಂತು ಜೋಡಿಸಿದ್ದೆ. "ಮೋಟರ್ ಮುಳುಗಿದ್ರೆ ಸುಟ್ಟು ಹೋಗುತ್ತೆ, ಕೆಳಗೆ ಹೋಗಿ ಸ್ವಿಚ್ ಆಫ್ ಮಾಡಿ ಬಾ" ಅಂದೆ. ಸರಿಯಪ್ಪ ಎಂದಳು. ಹೊಸಬರಿಗೆ ಮೊದಲ ದಿನ ನಾನು ಹೇಳಿಕೊಡುತ್ತಿದ್ದ ಪಾಠವೇ ಅದು, ನೀರಲ್ಲಿ ನಿಂತು ಸ್ವಿಚ್ ಮುಟ್ಟಬಾರದು ಅಂತ. ಒಂದು ಮೋಟರಿಗಾಗಿ ನನ್ನ ಮಗಳನ್ನು ನೀರಿಗೆ ಇಳಿಸಿದೆ.

ಅವಳ ಫೋನ್ ನೀರಿನಲ್ಲಿ ಹೋಯಿತು. ಜಾನಕಿ ಆಗ ದೇವರ ಮನೆಯಲ್ಲಿದ್ದಳು. ಯಾರಿಗೂ ಗೊತ್ತಿಲ್ಲ.

೮ ಮಾರ್ಚ್, ಶನಿವಾರ

ರಾಯಪುರಂಗೆ ಹೋಗಲಿಲ್ಲ. ಬಿಸಿಲು.

೧೫ ಮಾರ್ಚ್, ಶನಿವಾರ

ಹೋಗಲಿಲ್ಲ. ಮಗುವಿನ ಮೈ ಸ್ವಲ್ಪ ಬೆಚ್ಚಗಿತ್ತು. ಜಾನಕಿ ಥರ್ಮಾಮೀಟರ್ ಇಟ್ಟು ಜ್ವರ ಇಲ್ಲ ಎಂದಳು. ಬರುವ ಹಾಗಿತ್ತು.

೨೨ ಮಾರ್ಚ್, ಶನಿವಾರ

ಹೋಗಲಿಲ್ಲ. ಟೀಚರ್ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಅಲ್ಲಿ ಹೋಗಿ ಆದದ್ದಾದರೂ ಏನು? ಹನ್ನೆರಡು ಉಂಡೆ, ಏಳು ಕಾಗದ, ಒಂದು ಉಂಡೆ ದಾರ.

ಶ್ರೀಯಾ ಹತ್ತೂಕಾಲಿಗೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು. ಒಂದು ಗಂಟೆಯ ಮೇಲೆ ತಾನೇ ಬಿಚ್ಚಿಟ್ಟಳು.

೨೭ ಮಾರ್ಚ್, ಗುರುವಾರ

ಮಗು ಹಾಸಿಗೆ ಒದ್ದೆ ಮಾಡುತ್ತಿದೆ. ಹುಬ್ಬಿನ ಕೂದಲು ಕಿತ್ತುಕೊಂಡು ಒಂದು ಕಡೆ ಹುಬ್ಬೇ ಇಲ್ಲ. ಅರವಿಂದನನ್ನು ಶಾಲೆಗೆ ಕರೆಸಿ, ಮುಂದಿನ ವರ್ಷ ಈ ಮಗುವನ್ನು ಇಟ್ಟುಕೊಳ್ಳುವುದು ಕಷ್ಟ ಎಂದರಂತೆ.

೩೧ ಮಾರ್ಚ್, ಸೋಮವಾರ

ಇವತ್ತು ಜಾನಕಿ ನನ್ನ ಎದುರು ಬಂದು ನಿಂತಳು. ಮೂವತ್ತೇಳು ವರ್ಷದಲ್ಲಿ ಅವಳು ಹೀಗೆ ನಿಂತದ್ದು ನೆನಪಿಲ್ಲ.

"ಮಗೂನ ಯಾಕ್ರೀ ಕರ್ಕೊಂಡು ಹೋಗ್ತಿಲ್ಲ?"

ಉಪಯೋಗವಿಲ್ಲ ಎಂದೆ.

"ಉಪಯೋಗ ಇದ್ಯೋ ಇಲ್ವೋ, ವಾರದಲ್ಲಿ ಅದು ತಾನಾಗೇ ತಲೆ ಬಾಚ್ಕೊಂಡು ಹೊರಡೋದು ಅದೊಂದೇ ದಿನ. ಮಗಳಂತೂ ಹೋದ್ಲು. ಇದನ್ನೂ ಹೀಗೇ ನೋಡ್ತಾ ಕೂತಿರ್ತೀರಾ? ನಿಮಗೆ ಆಗಲ್ಲ ಅಂದ್ರೆ ನಾನು ಹೋಗ್ತೀನಿ."

ಅವಳಿಗೆ ಮಂಡಿ ನೋವು, ಸ್ಟೇಷನ್ನಿನ ಮೆಟ್ಟಿಲು ಹತ್ತಲಾರಳು. ನಾನೇ ಹೋಗುತ್ತೇನೆ ಎಂದೆ.

೫ ಏಪ್ರಿಲ್, ಶನಿವಾರ

ಹೋದೆವು. ಇಷ್ಟು ವಾರ ಯಾಕೆ ಬರಲಿಲ್ಲವೆಂದು ಟೀಚರ್ ಕೇಳಲಿಲ್ಲ. ಕೇಳಿದ್ದರೆ ಒಂದು ಸುಳ್ಳು ಸಿದ್ಧವಿತ್ತು.

ನೆಲದ ಮೇಲೆ ಉದ್ದದ ಕಾಗದ ಹಾಸಿದ್ದರು. ಇವತ್ತು ದೊಡ್ಡವರೂ ಬರೆಯಬೇಕು, ನಿಮಗೆ ಮೊದಲು ಏನು ತೋಚುತ್ತದೋ ಅದು ಎಂದು ನನ್ನ ಕೈಗೆ ಪೆನ್ಸಿಲ್ ಕೊಟ್ಟರು. ನನಗೆ ಕೂರಲು ಕಷ್ಟವಾಯಿತು. ಒಂದು ಚೌಕ ಎಳೆದೆ, ಅಷ್ಟೇ ಅಂದುಕೊಂಡೆ. ಕೈ ನಿಲ್ಲಲಿಲ್ಲ. ಚೌಕಕ್ಕೆ ಬಾಗಿಲು ಬಂತು, ಹಿಡಿ ಬಂತು, ಒಳಗೆ ಸ್ವಿಚ್ಚು, ಕೆಳಗಿಳಿಯುವ ಪೈಪು. ಅಳತೆ ತಪ್ಪದ ಹಾಗೆ ಬರೆದಿದ್ದೆ. ಆ ಪೆಟ್ಟಿಗೆ.

ಶ್ರೀಯಾ ತನ್ನ ಕಡೆಯಿಂದ ಅದನ್ನು ನೋಡಿದಳು. ಟೀಚರ್ ಆಗ ಕಿಟಕಿಯ ಹತ್ತಿರ ನೀರು ತುಂಬಿಸುತ್ತಿದ್ದರು. ಮಗು ಮಂಡಿಯ ಮೇಲೆ ಸರಿದು ಬಂದು, ಕಪ್ಪು ಬಣ್ಣದಲ್ಲಿ ಅಂಗೈ ಅದ್ದಿ, ನನ್ನ ಚಿತ್ರದ ಮೇಲೆ ಬಳಿದಳು. ಟೀಚರ್ ತಿರುಗುವಷ್ಟರಲ್ಲಿ ಅಲ್ಲಿ ಏನೂ ಕಾಣದಂತೆ ಮಾಡಿದ್ದಳು.

ನನ್ನ ಮೇಲಿನ ಕೋಪ ಅದು. ಇರಬೇಕಾದ್ದೇ.

೧೨ ಏಪ್ರಿಲ್, ಶನಿವಾರ

ಕೇಂದ್ರದಿಂದ ಹೊರಟವರು ರಾಯಪುರಂ ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ ಕೂತೆವು. ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಆ ಕಡೆಯ ಪ್ಲಾಟ್‌ಫಾರಂನಲ್ಲಿ ಮೀನಿನ ಬುಟ್ಟಿಗಳ ಪಕ್ಕ ಹೆಂಗಸರು ಮಲಗಿದ್ದರು. ಇವತ್ತೂ ಮಗು ಕಪ್ಪು ಬಣ್ಣ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅವಳ ಉಗುರುಗಳೆಲ್ಲ ಕಪ್ಪು. ಅವನ್ನು ನೋಡುತ್ತ ನೋಡುತ್ತ ಹೇಳಿಬಿಟ್ಟೆ. ಹೇಳಬೇಕೆಂದು ಹೊರಟಿರಲಿಲ್ಲ.

ನಿಮ್ಮಮ್ಮನನ್ನು ಕೆಳಗೆ ಕಳಿಸಿದ್ದು ನಾನು ಕಂದಾ, ಫೋನ್ ಮಾಡಿ ಸ್ವಿಚ್ ಆಫ್ ಮಾಡು ಅಂದದ್ದು ನಾನೇ, ತಪ್ಪು ಬೇರೆ ಯಾರದ್ದೂ ಅಲ್ಲ ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ.

"ತೆರಿಯುಂ, ತಾತಾ."

ಗೊತ್ತು ಅಂದಳು. ದನಿ ಬೇರೆ ಯಾರದ್ದೋ ಇದ್ದ ಹಾಗಿತ್ತು, ಒರಟಾಗಿ, ಒಡೆದು. ಅಮ್ಮ ತನ್ನ ಜಡೆ ಹಾಕುತ್ತಿದ್ದಳಂತೆ. ಕೈ ಬಿಡುವಿರಲಿಲ್ಲವೆಂದು ಫೋನನ್ನು ಸ್ಪೀಕರಿಗೆ ಹಾಕಿದ್ದಳಂತೆ. ನನ್ನ ಮಾತನ್ನೆಲ್ಲ ಮಗು ಕೇಳಿದೆ.

"ಅಪ್ಪಾ ಕಿಟ್ಟೆ ಸೊಲ್ಲಲೆ" ಎಂದಳು.

ಅಪ್ಪನಿಗೆ ಹೇಳಿಲ್ಲ. ಹೇಳಿದರೆ ನಿನ್ನನ್ನು ಜೈಲಿಗೆ ಹಾಕಿಬಿಡುತ್ತಾರಲ್ಲ ಎಂದಳು. ಮಾತಾಡಿದರೆ ಬಾಯಿ ತಪ್ಪಿ ಬಂದುಬಿಡುತ್ತದೆ ಎಂದು ಮಾತಾಡುವುದನ್ನೇ ಬಿಟ್ಟಳಂತೆ. ಪೆಟ್ಟಿಗೆಯ ಚಿತ್ರವನ್ನು ಯಾಕೆ ಬರೆದೆ ತಾತಾ, ಟೀಚರ್ ನೋಡಿಬಿಡುತ್ತಿದ್ದರು ಎಂದು ನನ್ನನ್ನೇ ಬೈದಳು.

ನಾನು ಈ ಮಗು ಬಾಯಿ ಬಿಡಬಾರದೆಂದು ನಾಲ್ಕು ವಾರ ಮನೆಯಲ್ಲಿ ಕೂರಿಸಿದ್ದೆ. ಅದು ನನಗೋಸ್ಕರವೇ ನೂರ ಮೂವತ್ತಮೂರು ದಿನ ಬಾಯಿ ಮುಚ್ಚಿಕೊಂಡಿತ್ತು.

ರೈಲು ಬಂತು, ಹೋಯಿತು. ಮುಂದಿನದೂ ಹೋಯಿತು.

೧೩ ಏಪ್ರಿಲ್, ಭಾನುವಾರ

ತಿಂಡಿಯಾದ ಮೇಲೆ ಶ್ರೀಯಾಳನ್ನು ಪಕ್ಕದ ಮನೆಗೆ ಕಳಿಸಿ, ಜಾನಕಿ ಮತ್ತು ಅರವಿಂದನನ್ನು ಕೂರಿಸಿ ಹೇಳಿದೆ. ಫೋನಿನ ಮಾತು, ಮೋಟರು, ಮಗು ಕೇಳಿಸಿಕೊಂಡದ್ದು, ಯಾಕೆ ಮಾತು ಬಿಟ್ಟಿತು ಎಂಬುದು, ಎಲ್ಲವನ್ನೂ. ಅರವಿಂದ ಎರಡು ಪ್ರಶ್ನೆ ಕೇಳಿದ. ಎಷ್ಟು ಹೊತ್ತಿಗೆ ಫೋನ್ ಮಾಡಿದಿರಿ? ನೀರು ಎಷ್ಟಿದೆ ಎಂದು ಇನ್ನೊಮ್ಮೆ ಕೇಳಿದಿರಾ? ಇಲ್ಲ ಎಂದೆ. ಬೈದಿದ್ದರೆ, ಹೊಡೆದಿದ್ದರೆ ಏನಾದರೂ ಆಗುತ್ತಿತ್ತು. ಎದ್ದು ಹೋಗಿ ಸೂಟ್‌ಕೇಸ್ ತೆಗೆದ.

ಮಧ್ಯಾಹ್ನ ಮಗಳನ್ನು ಕರೆದುಕೊಂಡು ಟಿ. ನಗರದಲ್ಲಿರುವ ತನ್ನ ಅಕ್ಕ ಬಿಂದು ಮನೆಗೆ ಹೊರಟುಹೋದ. ಬಾಗಿಲಲ್ಲಿ ನಿಂತು, "ಇನ್ನು ಅವಳನ್ನ ನೋಡೋಕೆ ಬರ್ಬೇಡಿ ಮಾವ" ಎಂದ. ಶ್ರೀಯಾ ಆಟೋದಲ್ಲಿ ಕೂತು ಅವನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿದ್ದಳು.

ಜಾನಕಿ ಏನೂ ಹೇಳಿಲ್ಲ. ನಾನು ಬರೆಯುತ್ತಿರುವ ಈ ಹೊತ್ತಿಗೂ ಏನೂ ಹೇಳಿಲ್ಲ.

೧೬ ಏಪ್ರಿಲ್, ಬುಧವಾರ

ವೇಲಚೇರಿಯ ಪೊಲೀಸ್ ಠಾಣೆಗೆ ಹೋಗಿ ಬರೆದುಕೊಟ್ಟೆ. ಅವರು ಓದಿ, ಇದರಲ್ಲಿ ಕೇಸು ಹಾಕುವಂಥದ್ದೇನಿದೆ, ಮನೆಗೆ ಹೋಗಿ ಎಂದರು. ಸದಾನಂದನ ಮನೆಗೂ ಹೋದೆ. ಕೈ ಮುಗಿದೆ. ಅವನ ಹೆಂಡತಿ ನಾಲ್ಕು ತಿಂಗಳಿಂದ ಆ ಮೆಟ್ಟಿಲು ಇಳಿದು ಹೊರಗೆ ಬಂದಿಲ್ಲವಂತೆ, ಜನರ ಮಾತಿಗೆ. ಮೊದಲೇ ಹೇಳಬಹುದಿತ್ತಲ್ಲ ಸಾರ್ ಎಂದ.

೧೦ ಮೇ, ಶನಿವಾರ

ಅರವಿಂದ ಫೋನ್ ಎತ್ತುವುದಿಲ್ಲ. ಜಾನಕಿ ಊಟ ಬಡಿಸಿಟ್ಟು ಒಳಗೆ ಹೋಗುತ್ತಾಳೆ.

೨೪ ಮೇ, ಶನಿವಾರ

ಟಿ. ನಗರಕ್ಕೆ ಹೋಗಿ ಬಿಂದು ಮನೆಯ ಎದುರು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಜನ ನೂಕುತ್ತಿದ್ದರು. ಎರಡು ಗಂಟೆ ನಿಂತರೂ ಬಾಲ್ಕನಿಗೆ ಯಾರೂ ಬರಲಿಲ್ಲ. ಒಣಗಲು ಹಾಕಿದ ಒಂದು ಸಣ್ಣ ಫ್ರಾಕು ಕಾಣಿಸಿತು. ಅಂಗಡಿಯ ವಾಚ್‌ಮನ್ ಏನು ಬೇಕು ಎಂದು ಕೇಳಿದ. ಬಂದುಬಿಟ್ಟೆ.

೧೭ ಜೂನ್, ಮಂಗಳವಾರ

ಬೇಬಿ ಟೀಚರ್ ಫೋನ್ ಮಾಡಿದರು. ಅರವಿಂದ ತಾನೇ ಮಗುವನ್ನು ಅಲ್ಲಿಗೆ ಕರೆತರುತ್ತಿದ್ದಾನಂತೆ. ಶ್ರೀಯಾ ಮಾತಾಡುತ್ತಿದ್ದಾಳೆ, ಶಾಲೆಯಲ್ಲೂ ಒಂದೊಂದು ಮಾತು ಎಂದರು. ನನ್ನನ್ನು ಕೇಳಿದಳೇ ಎಂದೆ. ಅದನ್ನು ನಾನು ಹೇಳುವ ಹಾಗಿಲ್ಲ ಸಾರ್ ಎಂದರು.

ಅಡುಗೆಮನೆಗೆ ಹೋಗಿ ಜಾನಕಿಗೆ ಹೇಳಿದೆ, ಮಗು ಮಾತಾಡ್ತಿದೆಯಂತೆ ಅಂತ. ಅವಳು ಸೌಟು ಹಿಡಿದು ಹಾಗೆಯೇ ನಿಂತಳು. "ನಮ್ಮ ಕಿವಿಗೆ ಬೀಳೋ ಹಾಗಿಲ್ಲ" ಎಂದಳು. ಎರಡು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು.

೧೫ ಜುಲೈ, ಮಂಗಳವಾರ

ಅರವಿಂದನ ಫೋನ್. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ.

"ಮತ್ತೆ ಮಾತು ಬಿಟ್ಟಿದ್ದಾಳೆ. ಇವತ್ತಿಗೆ ಹನ್ನೊಂದು ದಿನ."

ಕೊನೆಯ ಸಲ ಮಾತಾಡಿದಾಗ ಟೀಚರಿಗೆ ಹೇಳಿದ್ದು ಇದಂತೆ: ನಾನು ಬಾಯಿ ಬಿಟ್ಟೆ, ಅದಕ್ಕೇ ಅಪ್ಪ ತಾತನನ್ನು ಬಿಟ್ಟು ಬಂದರು. ನಿನ್ನದೇನೂ ತಪ್ಪಿಲ್ಲ ಎಂದು ಎಲ್ಲರೂ ಹೇಳಿ ನೋಡಿದರಂತೆ. ಅವಳು ನಂಬಿಲ್ಲ. ಇನ್ನೊಂದು ಹುಬ್ಬೂ ಹೋಗಿದೆ. ನೀವು ಶನಿವಾರ ಬಂದು ಜೊತೆಗೆ ಕೂರಬೇಕು, ಟೀಚರ್ ಹೇಳಿದ್ದಾರೆ, ನಾನು ಕರೆಯುತ್ತಿಲ್ಲ ಎಂದ. ಬರುತ್ತೇನೆ ಎಂದೆ. ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ ಮಾವ ಎಂದ. ಅದನ್ನು ಬೇಡುವುದಕ್ಕೆ ಬರುತ್ತಿಲ್ಲ ಎಂದೆ.

೧೯ ಜುಲೈ, ಶನಿವಾರ

ಜಾನಕಿಯೂ ಬಂದಳು, ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿದುಕೊಂಡಳು. ಕೇಂದ್ರದ ಹೊರಗಿನ ಬೆಂಚಿನಲ್ಲಿ ಅವಳು ಕೂತಳು, ಒಳಗೆ ನಾನು ಹೋದೆ.

ಶ್ರೀಯಾ ಎತ್ತರವಾಗಿದ್ದಾಳೆ. ಹುಬ್ಬಿಲ್ಲದ ಮುಖ ನೋಡಿ ನನಗೆ ಕಣ್ಣು ತಿರುಗಿಸುವ ಹಾಗಾಯಿತು, ತಿರುಗಿಸಲಿಲ್ಲ. ಅವಳು ನನ್ನನ್ನು ನೋಡಿ ಓಡಿ ಬರಲಿಲ್ಲ, ಮಾತಾಡಲಿಲ್ಲ. ಮಣ್ಣಿನ ತಟ್ಟೆಯನ್ನು ಸ್ವಲ್ಪ ನನ್ನ ಕಡೆಗೆ ಸರಿಸಿದಳು. ಇಬ್ಬರೂ ಮಣ್ಣು ಕಲಸುತ್ತ ಕೂತೆವು. ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯಲಿಲ್ಲ, ಅವಳು ಏನು ಮಾಡುತ್ತಿದ್ದಾಳೆಂದು ಕೇಳಲಿಲ್ಲ. ಒಂದು ಸಲ ಅವಳ ಮೊಣಕೈ ನನ್ನ ಕೈಗೆ ತಗುಲಿತು, ಅಲ್ಲೇ ಇತ್ತು. ಎಷ್ಟು ಹೊತ್ತು ಕೂತಿದ್ದೆವೋ, ಟೀಚರ್ ಬಂದು ಹೇಳಿದಾಗಲೇ ಗೊತ್ತಾದದ್ದು.

ಕೆಳಗೆ ಅರವಿಂದ ಸ್ಕೂಟರಿನ ಮೇಲೆ ಕೂತಿದ್ದ. ಏನಾದರೂ ಮಾತಾಡಿದಳೇ ಎಂದು ಜಾನಕಿಯನ್ನು ಕೇಳಿದ. ಅವಳು ನನ್ನನ್ನು ನೋಡಿದಳು. ಇಲ್ಲ ಎಂದೆ. ಟೀಚರ್ ಮುಂಚೆಯೇ ಹೇಳಿದ್ದರು, ಇದು ವರ್ಷಗಳ ಮಾತು, ಕೆಲವು ಮಕ್ಕಳಲ್ಲಿ ಪೂರ್ತಿ ಹೋಗುವುದೇ ಇಲ್ಲ ಎಂದು. ಅವನು ಮಗಳಿಗೆ ಹೆಲ್ಮೆಟ್ ತೊಡಿಸಿ ಹಿಂದೆ ಕೂರಿಸಿಕೊಂಡ. ಮುಂದಿನ ಶನಿವಾರ ಬನ್ನಿ ಎಂದೂ ಹೇಳಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ.

ಸ್ಕೂಟರ್ ಹೊರಟಿತು. ಶ್ರೀಯಾ ಅಪ್ಪನ ಸೊಂಟ ಹಿಡಿದುಕೊಂಡು, ನಾನು ಅಲ್ಲಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದಳು. ಬಿಸಿಲಿದೆ, ನೆರಳಿಗೆ ಬನ್ನಿ ಎಂದು ಜಾನಕಿ ಕರೆದಳು. ಅವರು ತಿರುವು ದಾಟಿ ಮರೆಯಾಗುವವರೆಗೂ ನಾನು ನಿಂತಲ್ಲಿಂದ ಕದಲಲಿಲ್ಲ.